ಹಬ್ಬದ ಕಪ್ ಕೇಕಿನ ಮೇಲಣ ಸಿಹಿ ಬೊಂಬೆ

ಮನೆಯಲ್ಲಿಯೇ ಮಾಡಬಹುದಾದ, ಮಕ್ಕಳು ನಿರ್ಭಯವಾಗಿ ತಿನ್ನಬಹುದಾದ ಅಲಂಕಾರ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಮುಂಬಯಿಯ ಬೇಕರಿಗಳ ಗಾಜಿನ ಕಪಾಟುಗಳಿಗೆ ಹೊಸ ಕಳೆ ಬರುತ್ತದೆ. ಅಂಗೈಯಗಲದ ಪುಟ್ಟ ಪುಟ್ಟ ಕೇಕುಗಳು ಸಾಲಾಗಿ ಕುಳಿತಿರುತ್ತವೆ. ಒಂದರ ತಲೆಯ ಮೇಲೆ ನಕ್ಷತ್ರ, ಇನ್ನೊಂದರ ಮೇಲೆ ಗಂಟೆ, ಮತ್ತೊಂದರ ಮೇಲೆ ಕೆಂಪು ಟೊಪ್ಪಿಗೆಯ ಅಜ್ಜ. ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಬಂದು, ಸಂಕ್ರಾಂತಿ ಸಮೀಪಿಸುವವರೆಗೂ ಈ ಸಂಭ್ರಮ ನಡೆದೇ ಇರುತ್ತದೆ. ಹೋಟೆಲಿನ ಕೆಲಸ ಮುಗಿಸಿ ಮನೆಗೆ ಮರಳುವ ತಂದೆಯಾಗಲಿ, ಕಚೇರಿಯಿಂದ ಲೋಕಲ್ ಗಾಡಿ ಹಿಡಿಯಲು ಧಾವಿಸುವ ಗುಮಾಸ್ತನಾಗಲಿ, ಒಂದು ಗಳಿಗೆ ಆ ಕಪಾಟಿನ ಮುಂದೆ ನಿಂತು ಮಕ್ಕಳನ್ನು ನೆನೆಯದೆ ಮುಂದೆ ಹೋಗುವುದು ಅಪರೂಪ.

ಮಕ್ಕಳ ಸ್ವಭಾವವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಕೇಕು ಕೈಗೆ ಬಂದೊಡನೆ ಮಗು ಮೊದಲು ಬಾಯಿಗೆ ಹಾಕುವುದು ಕೇಕನ್ನಲ್ಲ, ಅದರ ಮೇಲಿರುವ ಬೊಂಬೆಯನ್ನು. ಆದುದರಿಂದ ಆ ಬೊಂಬೆ ಯಾವುದರಿಂದ ಮಾಡಿದ್ದು, ಅದಕ್ಕೆ ಹಚ್ಚಿದ ಬಣ್ಣವೇನು, ಅದರ ಮೇಲೆ ಮಿನುಗುವ ಪುಡಿ ಎಂತಹದು ಎಂಬ ಪ್ರಶ್ನೆಗಳು ಕೇವಲ ಅಂದಚಂದಕ್ಕೆ ಸಂಬಂಧಿಸಿದವಲ್ಲ. ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದವು. ಈ ಲೇಖನದ ಉದ್ದೇಶ ಇಷ್ಟೆ: ಕೇಕಿನ ಮೇಲಿಡುವುದೆಲ್ಲವೂ ತಿನ್ನಲು ಯೋಗ್ಯವಾಗಿರಬೇಕು, ಅದನ್ನು ಒಂದು ಕೋಣೆಯ ಮನೆಯಲ್ಲಿಯೂ ನಾವೇ ಮಾಡಿಕೊಳ್ಳಬಹುದು, ಅದಕ್ಕೆ ಬೇಕಾದ ಕೈಗುಣ ನಮ್ಮವರಲ್ಲಿ ಮೊದಲಿನಿಂದಲೂ ಇದೆ.

ಕೇಕು ಹೊಸದು, ಬೊಂಬೆ ಹಳೆಯದು

ಕಪ್ ಕೇಕಿನ ಹುಟ್ಟೂರು ಅಮೆರಿಕ. 1796ರಲ್ಲಿ ಅಮೇಲಿಯಾ ಸಿಮನ್ಸ್ ಎಂಬ ಮಹಿಳೆ ಪ್ರಕಟಿಸಿದ ಅಡಿಗೆಯ ಪುಸ್ತಕದಲ್ಲಿ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರವಾದ ಕೇಕಿನ ವಿಧಾನ ಕಾಣಿಸಿಕೊಂಡಿತು. 1828ರಲ್ಲಿ ಎಲೈಜಾ ಲೆಸ್ಲಿಯವರ ಪುಸ್ತಕದಲ್ಲಿ ‘ಕಪ್ ಕೇಕ್’ ಎಂಬ ಹೆಸರೇ ಬಂದಿತು. ಅಲ್ಲಿ ಆ ಹೆಸರು ಬಂದುದು ಸಾಮಗ್ರಿಗಳನ್ನು ತೂಕದ ಬದಲು ಬಟ್ಟಲಿನಿಂದ ಅಳೆಯುವ ಪದ್ಧತಿಯಿಂದ. 1843ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಎಂಬವರು ಯೀಸ್ಟ್ ಒಗ್ಗದ ತಮ್ಮ ಪತ್ನಿಗಾಗಿ ಬೇಕಿಂಗ್ ಪೌಡರನ್ನು ಕಂಡುಹಿಡಿದ ಮೇಲೆ ಇಂತಹ ಕೇಕುಗಳನ್ನು ಮನೆಯಲ್ಲಿ ಮಾಡುವುದು ಬಹಳ ಸುಲಭವಾಯಿತು. ನಮ್ಮ ದೇಶದ ಮಟ್ಟಿಗೆ, 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಒಬ್ಬ ಆಂಗ್ಲ ತೋಟಗಾರನ ಕೋರಿಕೆಯ ಮೇರೆಗೆ ಕ್ರಿಸ್‌ಮಸ್ ಕೇಕನ್ನು ಮಾಡಿಕೊಟ್ಟರೆಂದೂ, ಭಾರತೀಯರು ಇಲ್ಲಿ ಮಾಡಿದ ಮೊದಲ ಕ್ರಿಸ್‌ಮಸ್ ಕೇಕು ಅದೇ ಎಂದೂ ಪ್ರತೀತಿಯಿದೆ.

ಹೀಗೆ ಕೇಕು ಹೊರಗಿನಿಂದ ಬಂದುದು ನಿಜ. ಆದರೆ ಹಬ್ಬಕ್ಕಾಗಿ ಸಕ್ಕರೆಯಲ್ಲಿ ಬೊಂಬೆ ಮಾಡಿ, ನೋಡಿ ನಲಿದು, ಹಂಚಿ ತಿನ್ನುವ ಪದ್ಧತಿಯನ್ನು ನಮಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇಲ್ಲದಿದ್ದರೆ ಹಬ್ಬವೇ ಸಪ್ಪೆ. ಆನೆ, ಗಿಳಿ, ಮೀನು, ತುಳಸಿ ಬೃಂದಾವನ, ರಥ — ಮರದ ಅಚ್ಚುಗಳಲ್ಲಿ ಪಾಕವನ್ನು ಎರೆದು ಇವೆಲ್ಲವನ್ನೂ ಗೃಹಿಣಿಯರು ಮನೆಯಲ್ಲಿಯೇ ಮಾಡುತ್ತ ಬಂದಿರುವರು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಯ ದಿನ ಹೆಣ್ಣುಮಕ್ಕಳು ಬಣ್ಣ ಬಣ್ಣದ ಸಕ್ಕರೆಯ ಬೊಂಬೆಗಳನ್ನು ಆರತಿ ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಸಕ್ಕರೆ ಆರತಿ ಎಂದೇ ಅದಕ್ಕೆ ಹೆಸರು. ಅದೇ ಸೀಮೆಯ ಸಂಕ್ರಾಂತಿಯಲ್ಲಿ ಎಳ್ಳಿನ ಕಾಳಿಗೆ ಸಕ್ಕರೆಯ ಮುಳ್ಳು ಕಟ್ಟಿಸಿದ ಕುಸುರೆಳ್ಳು ಹಂಚುವ ವಾಡಿಕೆಯಿದೆ. ನಾವು ನೆಲಸಿರುವ ಮಹಾರಾಷ್ಟ್ರದಲ್ಲಿಯೂ ಇದಕ್ಕೆ ಜೊತೆಯಾದ ಕಲೆಯಿದೆ. ಹೊಸ ಸೊಸೆಗೆ ಮೊದಲ ಸಂಕ್ರಾಂತಿಯಂದು, ಎಳೆಯ ಮಗುವಿಗೆ ಬೋರೆಹಣ್ಣು ಎರೆಯುವ ದಿನದಂದು, ಇಲ್ಲಿಯ ಜನ ಸಕ್ಕರೆಯ ಕಾಳುಗಳನ್ನು ಪೋಣಿಸಿದ ಹಾರ, ಬಳೆ, ಮುಕುಟಗಳನ್ನು ತೊಡಿಸುತ್ತಾರೆ. ದೆಹಲಿಯಲ್ಲಿರುವ ನಮ್ಮವರು ದೀಪಾವಳಿಯ ಕಾಲದಲ್ಲಿ ಅಲ್ಲಿಯ ಪೇಟೆಗಳಲ್ಲಿ ಸಕ್ಕರೆಯ ಆನೆ ಕುದುರೆಗಳು ರಾಶಿ ಬಿದ್ದಿರುವುದನ್ನು ಕಂಡಿರಬಹುದು.

ನಮ್ಮ ಮಂಗಳೂರಿನ ಕ್ರೈಸ್ತ ಬಂಧುಗಳು ಕ್ರಿಸ್‌ಮಸ್ಸಿಗೆ ಮಾಡುವ ಕುಸ್ವಾರ್ ಎಂಬ ತಿಂಡಿಗಳ ತಟ್ಟೆಯಂತೂ ಮುಂಬಯಿಯಲ್ಲಿ ಹೆಸರಾದುದು. ನೆವ್ರಿ, ಕಿಡಿಯೊ, ಗುಳಿಯೊಗಳ ಜೊತೆಗೆ ಇಲ್ಲಿ ಮಾರ್ಜಿಪಾನ್ ಎಂಬ ಸಿಹಿಯೂ ಆ ತಟ್ಟೆಯಲ್ಲಿ ಸೇರುವುದುಂಟು. ಯುರೋಪಿನಲ್ಲಿ ಇದನ್ನು ಬಾದಾಮಿಯಿಂದ ಮಾಡುತ್ತಾರೆ. ಗೋವೆಯಲ್ಲಿಯೂ ಮುಂಬಯಿಯಲ್ಲಿಯೂ ಬಾದಾಮಿಯ ಸ್ಥಾನವನ್ನು ಗೋಡಂಬಿ ಪಡೆದಿದೆ. ಗೋಡಂಬಿಯ ಹಿಟ್ಟನ್ನು ಸಕ್ಕರೆಯ ಪಾಕದಲ್ಲಿ ಕೂಡಿಸಿ, ರಬ್ಬರಿನ ಅಚ್ಚಿನಲ್ಲಿ ಒತ್ತಿ ಹೂವು, ಹಣ್ಣು, ನಕ್ಷತ್ರಗಳನ್ನು ತೆಗೆಯುತ್ತಾರೆ. ಸಿಹಿತಿಂಡಿಯ ಭಟ್ಟಿಯ ಮುಂದೆ ಕೆಲಸ ಮಾಡಿದ ಯಾವ ಅಡಿಗೆ ಭಟ್ಟರಿಗಾದರೂ ಇದನ್ನು ನೋಡಿದರೆ ಗೋಡಂಬಿ ಬರ್ಫಿಯ ನೆನಪಾಗದಿರದು. ಎರಡಕ್ಕೂ ಸಾಮಗ್ರಿ ಒಂದೇ, ಪಾಕವೂ ಹೆಚ್ಚು ಕಡಿಮೆ ಒಂದೇ; ವಜ್ರಾಕಾರವಾಗಿ ಕತ್ತರಿಸುವುದರ ಬದಲು ಅಚ್ಚಿಗೆ ಒತ್ತುವುದಷ್ಟೇ ವ್ಯತ್ಯಾಸ.

ಅಪಾಯ ಎಲ್ಲಿದೆ?

ಮನೆಯಲ್ಲಿಯೇ ಏಕೆ ಮಾಡಬೇಕು ಎಂದು ಕೇಳುವವರಿಗೆ ಕೆಲವು ಸಂಗತಿಗಳನ್ನು ತಿಳಿಸಬೇಕಾಗಿದೆ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ ಆರು ಮಂದಿ ಮಕ್ಕಳು ವಾಂತಿಭೇದಿಯಿಂದ ನರಳಿದರು. ಕೇಕಿನ ಮೇಲೆ ಹಚ್ಚಿದ್ದ ಬಂಗಾರದ ಬಣ್ಣದ ಮಿನುಗು ಪುಡಿಯಲ್ಲಿ ತಾಮ್ರವು ವಿಪರೀತ ಪ್ರಮಾಣದಲ್ಲಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. 2019ರಲ್ಲಿ ಅದೇ ದೇಶದ ಮಿಸ್ಸೂರಿಯಲ್ಲಿ ಒಂದು ಎಳೆಯ ಮಗುವಿನ ರಕ್ತದಲ್ಲಿ ಸೀಸದ ಅಂಶ ಹೆಚ್ಚಿರುವುದು ಕಂಡುಬಂದು, ಹುಡುಕುತ್ತ ಹೋದಾಗ ಕೇಕಿನ ಹೂವಿಗೆ ಹಚ್ಚಿದ್ದ ಬಣ್ಣದ ಪುಡಿಯಲ್ಲಿ ಸೀಸ ಸಿಕ್ಕಿತು. ಅಲ್ಲಿಯ ರೋಗನಿಯಂತ್ರಣ ಕೇಂದ್ರವು 2021ರಲ್ಲಿ ಈ ಎರಡೂ ಪ್ರಕರಣಗಳನ್ನು ಪ್ರಕಟಿಸಿತು. ಇಂತಹ ಪುಡಿಗಳ ಡಬ್ಬಿಯ ಮೇಲೆ ‘ವಿಷವಲ್ಲ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು ತಿನ್ನುವ ವಸ್ತುವಾಗುವುದಿಲ್ಲ. ‘ತಿನ್ನಲು ಯೋಗ್ಯ’ ಎಂಬ ಮಾತು ಹಾಗೂ ಅದರಲ್ಲಿ ಏನೇನು ಬೆರೆತಿದೆ ಎಂಬ ಪಟ್ಟಿ, ಇವೆರಡೂ ಡಬ್ಬಿಯ ಮೇಲಿರಬೇಕು.

ನಮ್ಮ ದೇಶದ ಸ್ಥಿತಿಯೂ ನಿಶ್ಚಿಂತೆಯಿಂದಿರುವಂತಹದಲ್ಲ. 2024ರ ಫೆಬ್ರವರಿಯಲ್ಲಿ ತಮಿಳುನಾಡು ಸರಕಾರವು ರೊಡಮೈನ್ ಎಂಬ ಬಟ್ಟೆಯ ಬಣ್ಣ ಬೆರೆತಿದ್ದುದನ್ನು ಕಂಡು ಬೊಂಬಾಯಿ ಮಿಠಾಯಿಯ ಮಾರಾಟವನ್ನು ತಡೆಯಿತು. ಮರುತಿಂಗಳು ಕರ್ನಾಟಕ ಸರಕಾರವೂ ಆ ಮಿಠಾಯಿಯಲ್ಲಿ ಹಾಗೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯವರು ಬೇಕರಿಗಳಿಂದ ತಂದ ಕೇಕುಗಳನ್ನು ಪರೀಕ್ಷಿಸಿದಾಗ ಹನ್ನೆರಡು ಮಾದರಿಗಳಲ್ಲಿ ಕೃತಕ ಬಣ್ಣಗಳು ಅಪಾಯಕರವಾಗಿದ್ದವು. 2011ರ ಕೇಂದ್ರದ ನಿಯಮಗಳು ಎಂಟೇ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಕೊಟ್ಟು, ಸಾಮಾನ್ಯವಾಗಿ ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದವು. ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಎಂದರೆ ಚಿಟಿಕೆಗಿಂತ ಬಹಳ ಕಡಿಮೆ. ಕಣ್ಣಳತೆಯಿಂದ ಸುರಿಯುವವನ ಕೈಯಲ್ಲಿ ಈ ಮಿತಿ ಉಳಿಯುವುದು ಕಷ್ಟ.

ಬೆಳ್ಳಿಯ ವರ್ಖದ ವಿಷಯದಲ್ಲಿಯೂ ಎಚ್ಚರ ಬೇಕು. ವರ್ಖವನ್ನು ತಯಾರಿಸುವ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತು ಬಳಸಕೂಡದೆಂದು 2016ರಲ್ಲಿ ನಿಯಮವಾಯಿತು. ಬೆಳ್ಳಿಯ ಹೆಸರಿನಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಮಾರುವವರೂ ಉಂಟು. ಬೆರಳುಗಳ ನಡುವೆ ಉಜ್ಜಿ ನೋಡಿದರೆ ನಿಜವಾದ ಬೆಳ್ಳಿಯ ವರ್ಖ ಮಾಯವಾಗುತ್ತದೆ. ಅಲ್ಯೂಮಿನಿಯಂ ಚೂರು ಚೂರಾಗಿ ಉಳಿಯುತ್ತದೆ. ಇನ್ನು ಪ್ಲಾಸ್ಟಿಕ್ಕಿನ ಬೊಂಬೆ, ತಂತಿ ಸುತ್ತಿದ ಹೂವು, ಹಲ್ಲುಕಡ್ಡಿಗೆ ಅಂಟಿಸಿದ ಕಾಗದದ ಚಿತ್ರ — ಇವು ಕೇಕಿನ ಮೇಲಿರಲೇಬಾರದು. ಅಂಗಳದಲ್ಲಿ ಅರಳಿದ ಹೂವೆಲ್ಲವೂ ತಿನ್ನುವುದಕ್ಕಾಗುವುದಿಲ್ಲ. ಕಣಗಿಲೆಯಂತಹ ಹೂವಿನ ಎಸಳು, ಕಾಂಡ, ಎಲೆ ಎಲ್ಲವೂ ವಿಷ.

ಹನ್ನೆರಡು ಕೇಕುಗಳಿಗೆ ಅಳತೆ

ಇನ್ನು ಕೆಲಸಕ್ಕೆ ಕೈಹಾಕೋಣ. ಮೊಟ್ಟೆ ಬಳಸದ ಮನೆಗಳಿಗೂ ಸಲ್ಲುವಂತಹ ವಿಧಾನ ಇದು. ಮೈದಾ 190 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 240 ಗ್ರಾಂ, ವಾಸನೆಯಿಲ್ಲದ ಅಡಿಗೆ ಎಣ್ಣೆ 100 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದೂಕಾಲು ಚಹಾ ಚಮಚ, ಅಡಿಗೆ ಸೋಡ ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು, ಏಲಕ್ಕಿಪುಡಿ ಅರ್ಧ ಚಮಚ ಅಥವಾ ವೆನಿಲ್ಲಾ ಒಂದು ಚಮಚ.

ಮೈದಾ, ಉಪ್ಪು, ಬೇಕಿಂಗ್ ಪೌಡರ್ ಹಾಗೂ ಸೋಡಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿಯಬೇಕು. ಬೇರೊಂದು ಪಾತ್ರೆಯಲ್ಲಿ ಮೊಸರು ಸಕ್ಕರೆಗಳನ್ನು ಕಡೆದು, ಸಕ್ಕರೆ ಕರಗಿದ ಮೇಲೆ ಎಣ್ಣೆಯನ್ನೂ ಸುವಾಸನೆಯನ್ನೂ ಬೆರೆಸಬೇಕು. ಹಿಟ್ಟನ್ನು ಎರಡು ಮೂರು ಕಂತುಗಳಲ್ಲಿ ಹಾಕಿ ಹಗುರವಾಗಿ ಕಲಸಬೇಕು. ಗಟ್ಟಿಯೆನಿಸಿದರೆ ಎರಡು ಚಮಚ ಹಾಲು ಸಾಕು. ಇಲ್ಲಿ ತೋಳಿನ ಬಲ ತೋರಿಸತಕ್ಕದ್ದಲ್ಲ. ಹೆಚ್ಚು ಕಲಸಿದಷ್ಟೂ ಮೈದಾದಲ್ಲಿ ಜಿಗುಟು ಹುಟ್ಟಿ ಕೇಕು ರಬ್ಬರಿನಂತಾಗುತ್ತದೆ. ಮೊಸರಿನ ಹುಳಿಯೂ ಸೋಡವೂ ಕೂಡಿದೊಡನೆ ಅನಿಲದ ಗುಳ್ಳೆಗಳು ಏಳತೊಡಗುತ್ತವೆ. ಕೇಕನ್ನು ಉಬ್ಬಿಸುವುದು ಈ ಗುಳ್ಳೆಗಳೇ ಆದುದರಿಂದ, ಕಲಸಿದ ಹಿಟ್ಟನ್ನು ದೋಸೆಯ ಹಿಟ್ಟಿನಂತೆ ಕಾಯಿಸಿಡಬಾರದು, ಕೂಡಲೆ ಬೇಯಿಸಬೇಕು.

ಕಾಗದದ ಬಟ್ಟಲುಗಳಿಗಾಗಲಿ, ಎಣ್ಣೆ ಸವರಿದ ಸಣ್ಣ ಲೋಹದ ಬಟ್ಟಲುಗಳಿಗಾಗಲಿ ಮೂರರಲ್ಲಿ ಎರಡು ಪಾಲು ಮಾತ್ರ ಹಿಟ್ಟು ತುಂಬಬೇಕು. ಒವನ್ ಇದ್ದವರು ಮೊದಲೇ ಕಾಯಿಸಿಟ್ಟು 180 ಡಿಗ್ರಿ ಶಾಖದಲ್ಲಿ 18ರಿಂದ 20 ನಿಮಿಷ ಬೇಯಿಸಬಹುದು. ಒವನ್ ಇಲ್ಲದವರು ಚಿಂತಿಸಬೇಕಾಗಿಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ಉಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿರಿ. ಅನಂತರ ಬಟ್ಟಲುಗಳನ್ನಿರಿಸಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿದರೆ ಸಾಕು. ಅದೂ ಅನುಕೂಲವಿಲ್ಲದಿದ್ದರೆ ಇಡ್ಲಿ ಪಾತ್ರೆಯ ಉಗಿಯಲ್ಲಿ ಬೇಯಿಸಬಹುದು. ಮೇಲ್ಭಾಗ ಕಂದುಬಣ್ಣಕ್ಕೆ ತಿರುಗುವುದಿಲ್ಲವೆಂಬುದೊಂದೇ ಕೊರತೆ. ಅದನ್ನು ಅಲಂಕಾರವೇ ಮುಚ್ಚಿಬಿಡುತ್ತದೆ. ಯಾವ ವಿಧಾನದಲ್ಲಾದರೂ ನಡುವೆ ಚುಚ್ಚಿದ ಕಡ್ಡಿ ಅಂಟಿಲ್ಲದೆ ಹೊರಬಂದರೆ ಬೆಂದಿದೆಯೆಂದು ಅರ್ಥ. ಪೂರ್ತಿ ಆರಿದ ಹೊರತು ಅಲಂಕಾರಕ್ಕೆ ತೊಡಗಬಾರದು.

ಗೋಡಂಬಿಯ ಬೊಂಬೆಗಳು

ಒಣಗಿದ ಗೋಡಂಬಿ 200 ಗ್ರಾಂ, ಸಕ್ಕರೆ 110 ಗ್ರಾಂ, ನೀರು 60 ಮಿಲಿಲೀಟರ್, ತುಪ್ಪ ಒಂದು ಚಮಚ, ಗುಲಾಬಿ ನೀರು ಕೆಲವು ಹನಿ — ಇಷ್ಟರಿಂದ ಹನ್ನೆರಡು ಕೇಕುಗಳಿಗೆ ಸಾಲುವಷ್ಟು ಬೊಂಬೆಗಳಾಗುತ್ತವೆ. ಗೋಡಂಬಿಯನ್ನು ಮಿಕ್ಸರಿನಲ್ಲಿ ತಡೆತಡೆದು ತಿರುಗಿಸಿ ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಪುಡಿಯನ್ನು ಜರಡಿ ಹಿಡಿದಿಟ್ಟುಕೊಂಡು, ಸಕ್ಕರೆ ನೀರುಗಳನ್ನು ಒಲೆಯ ಮೇಲಿಟ್ಟು ಒಂದೆಳೆ ಪಾಕ ಬರಿಸಬೇಕು. ಅದಕ್ಕೆ ಪುಡಿ ಬೆರೆಸಿ ಸಣ್ಣ ಉರಿಯಲ್ಲಿ ಮೂರರಿಂದ ಐದು ನಿಮಿಷ ಕೈಬಿಡದೆ ತಿರುವಿದರೆ ಹಿಟ್ಟು ಪಾತ್ರೆಯ ಅಂಚನ್ನು ಬಿಟ್ಟುಬರುತ್ತದೆ. ಚೂರು ತೆಗೆದು ಒದ್ದೆಬೆರಳಿನಿಂದ ಉರುಟಿದಾಗ ಅಂಟದೆ ಗುಂಡಾದರೆ ಒಲೆಯಿಂದ ಇಳಿಸತಕ್ಕದ್ದು. ತುಪ್ಪ, ಗುಲಾಬಿ ನೀರು ಸೇರಿಸಿ, ಕೈಗೆ ತಡೆಯುವಷ್ಟು ಬಿಸಿಯಿರುವಾಗಲೇ ನಾದಿದರೆ ರೇಷ್ಮೆಯಂತೆ ನುಣುಪಾಗುತ್ತದೆ. ನಾದುವಾಗ ಬಿರಿದರೆ ಅರ್ಧ ಚಮಚ ಹಾಲು ಹಾಕಬಹುದು. ತೀರ ಮೆತ್ತಗಿದ್ದರೆ ಇನ್ನೆರಡು ನಿಮಿಷ ಒಲೆಯ ಮೇಲಿಡಬಹುದು.

ಈ ಹಿಟ್ಟಿನಿಂದ ಏನನ್ನು ಬೇಕಾದರೂ ಮಾಡಬಹುದು. ಮುಂಬಯಿಯಲ್ಲಿ ಕ್ರಾಫರ್ಡ್ ಮಾರ್ಕೆಟಿನ ಕೇಕು ಸಾಮಾನಿನ ಅಂಗಡಿಗಳಲ್ಲಿ ಇಂತಹ ಅಚ್ಚುಗಳು ದೊರೆಯುತ್ತವೆ. ಅಚ್ಚಿಗೆ ತುಪ್ಪ ಸವರಿ, ಬೆರಳಿನಿಂದ ಬಿಗಿಯಾಗಿ ಒತ್ತಿ ತೆಗೆದರೆ ರೇಖೆಗಳೆಲ್ಲ ಸ್ಫುಟವಾಗಿ ಮೂಡುತ್ತವೆ. ಅಚ್ಚಿಲ್ಲದಿದ್ದರೂ ಕೈಯೇ ಸಾಕು. ಹಿಟ್ಟನ್ನು ಲಟ್ಟಿಸಿ ಔಷಧದ ಬಾಟಲಿಯ ಶುಚಿಯಾದ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಐದು ಬಿಲ್ಲೆಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಹೊಂದಿಸಿ ಸುರುಳಿ ಸುತ್ತಿದರೆ ಗುಲಾಬಿಯಾಗುತ್ತದೆ. ಎರಡು ಲವಂಗಗಳನ್ನು ಕಣ್ಣಾಗಿ ಚುಚ್ಚುವ ವಾಡಿಕೆಯುಂಟು. ಎಳೆಯ ಮಕ್ಕಳಿಗಾದರೆ ಅದು ಬೇಡ, ಕರಿ ಎಳ್ಳು ಲೇಸು. ಒಂದೊಂದು ಬೊಂಬೆ 20ರಿಂದ 25 ಗ್ರಾಂ ಮೀರದಿರಲಿ. ಮಾಡಿದ ಮೇಲೆ ನಾಲ್ಕೈದು ಗಂಟೆ ನೆರಳಿನಲ್ಲಿ ಬಲೆಯ ಕೆಳಗೆ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಂದು ವಾರ ಕೆಡುವುದಿಲ್ಲ. ಕೆಲವು ಮಕ್ಕಳಿಗೆ ಗೋಡಂಬಿ ಒಗ್ಗದು. ನೆರೆಮನೆಯವರಿಗೆ ಹಂಚುವ ಮೊದಲು ಇದರಲ್ಲಿ ಗೋಡಂಬಿಯಿದೆಯೆಂದು ಬಾಯಿಬಿಟ್ಟು ಹೇಳುವುದು ನಮ್ಮ ಕರ್ತವ್ಯ.

ಸಕ್ಕರೆ ಅಚ್ಚು

ಸಂಕ್ರಾಂತಿಯ ಕೇಕುಗಳಿಗೆ ಸಕ್ಕರೆ ಅಚ್ಚಿಗಿಂತ ಚೆಂದದ ಮುಕುಟ ಇನ್ನೊಂದಿಲ್ಲ. ಊರಿನಿಂದ ಬರುವಾಗ ಮರದ ಅಚ್ಚನ್ನು ಪೆಟ್ಟಿಗೆಯಲ್ಲಿಟ್ಟು ತಂದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಚ್ಚುಗಳನ್ನು ಕೆಲವು ಗಂಟೆ ನೀರಿನಲ್ಲಿ ನೆನೆಯಿಸಿ, ಒರಸಿ, ಎರಡು ಹೋಳುಗಳನ್ನೂ ಬಿಗಿಯಾಗಿ ಕಟ್ಟಿಡಬೇಕು. ನೀರು ಹೀರಿದ ಮರಕ್ಕೆ ಪಾಕ ಅಂಟಿಕೊಳ್ಳುವುದಿಲ್ಲ.

ಸಕ್ಕರೆ 500 ಗ್ರಾಂ, ನೀರು 200 ಮಿಲಿಲೀಟರ್ ಕೂಡಿಸಿ ಕುದಿಸುತ್ತ ಎರಡು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಪಾಕವನ್ನು ಒದ್ದೆಬಟ್ಟೆಯಲ್ಲಿ ಸೋಸಿ, ಕೆಲವೇ ಹನಿ ನಿಂಬೆರಸ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಾಯಿಸಬೇಕು. ನೀರಿಗೆ ಬಿಟ್ಟ ಹನಿ ಬೆರಳಿಗೆ ಮೆತ್ತಗಿನ ಉಂಡೆಯಾಗಿ ಸಿಗುವ ಹದ ಬರುವಾಗ ಶಾಖ ಸುಮಾರು 112ರಿಂದ 115 ಡಿಗ್ರಿಯಿರುತ್ತದೆ. ಆಗ ಇಳಿಸಿ, ಪಾತ್ರೆಯ ಬದಿಗೆ ಚಮಚದಿಂದ ಉಜ್ಜುತ್ತ ತಿರುವಿದರೆ ತಿಳಿಯಾಗಿದ್ದ ಪಾಕ ಹಾಲಿನಂತೆ ಮಸಕಾಗುತ್ತದೆ. ಸಕ್ಕರೆ ಸಣ್ಣ ಹರಳುಗಳಾಗಿ ಕಟ್ಟತೊಡಗಿದ ಗುರುತು ಇದು. ಒಡನೆಯೇ ಅಚ್ಚಿಗೆ ಎರೆಯಬೇಕು. ತಡಮಾಡಿದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬಿಚ್ಚಿ ತೆಗೆಯಬಹುದು. ನಿಂಬೆರಸ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವ ಗುಣವನ್ನೇ ಕಳೆದುಕೊಂಡು ಅಚ್ಚು ಅಂಟಂಟಾಗಿ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಚ್ಚು ಕೆಡುವುದಕ್ಕೆ ಇದೇ ಕಾರಣ.

ಕಾದ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ. ಮೈಗೆ ತಾಗಿದರೆ ಜಾರಿಹೋಗದೆ ಅಂಟಿಕೊಂಡು ಸುಡುತ್ತದೆ. ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ಮಕ್ಕಳು ಸುತ್ತ ನಿಂತು ನೋಡುತ್ತಿರುತ್ತಾರೆ. ಪಾಕ ಎರೆಯುವ ಕೆಲಸ ಮುಗಿಯುವ ತನಕ ಅವರನ್ನು ದೂರವಿರಿಸಿ, ಹತ್ತಿರದಲ್ಲಿ ಒಂದು ಪಾತ್ರೆ ತಣ್ಣೀರು ಇಟ್ಟುಕೊಂಡಿರಬೇಕು. ಅಲಂಕಾರ ಜೋಡಿಸುವಾಗ ಅವರನ್ನು ಕರೆದರಾಯಿತು.

ಬಣ್ಣ ಮತ್ತು ಜೋಡಣೆ

ಅಡಿಗೆಮನೆಯ ಸಾಮಗ್ರಿಗಳಿಂದಲೇ ಬೇಕಾದಷ್ಟು ಬಣ್ಣ ದೊರೆಯುತ್ತದೆ. ಬೀಟ್‌ರೂಟಿನ ರಸದಿಂದ ಗುಲಾಬಿ, ಅರಿಶಿನದಿಂದ ಹಳದಿ, ಪಾಲಕಿನ ರಸದಿಂದ ಹಸುರು, ಹಾಲಿನಲ್ಲಿ ನೆನೆದ ಕೇಸರಿಯಿಂದ ಕಿತ್ತಳೆ, ಕೋಕೋ ಪುಡಿಯಿಂದ ಕಂದು. ಬೀಟ್‌ರೂಟಿನ ಬಣ್ಣ ಬಿಸಿಗೆ ಮಾಸುವುದರಿಂದ ಗೋಡಂಬಿಯ ಹಿಟ್ಟು ಆರಿದ ಮೇಲೆ ನಾದುವಾಗ ಬೆರೆಸಬೇಕು. ಅರಿಶಿನವನ್ನು ಸೋಡ ಬೆರೆತ ಕೇಕಿನ ಹಿಟ್ಟಿಗೆ ಹಾಕಿದರೆ ಅದು ಕೆಂಪಗಾಗುತ್ತದೆ. ಕುಂಕುಮಕ್ಕೆ ಸುಣ್ಣ ಬೆರೆಸುವುದನ್ನು ಬಲ್ಲವರಿಗೆ ಇದರ ಕಾರಣ ತಿಳಿದೇ ಇದೆ. ಅದನ್ನು ಬೊಂಬೆಗಷ್ಟೇ ಬಳಸುವುದು ಒಳ್ಳೆಯದು. ಈ ಬಣ್ಣಗಳು ಪೇಟೆಯ ಬಣ್ಣದಂತೆ ಕಣ್ಣು ಕುಕ್ಕುವುದಿಲ್ಲ. ಮಕ್ಕಳು ಅದನ್ನು ದೂರುವುದೂ ಇಲ್ಲ.

ಬೊಂಬೆಯನ್ನು ನಿಲ್ಲಿಸುವುದಕ್ಕೆ ಸಕ್ಕರೆಯ ಲೇಪವೇ ಸುಲಭ. ನುಣ್ಣಗೆ ಪುಡಿಮಾಡಿದ ಸಕ್ಕರೆ 100 ಗ್ರಾಮಿಗೆ ಸುಮಾರು ನಾಲ್ಕು ಚಹಾ ಚಮಚ ಹಾಲು ಬೆರೆಸಿದರೆ ಚಮಚದಿಂದ ನಿಧಾನವಾಗಿ ಇಳಿಯುವ ಹದಕ್ಕೆ ಬರುತ್ತದೆ. ಕೇಕಿನ ಮೇಲೆ ಹರಡಿ, ಅರೆ ಒಣಗಿದಾಗ ಬೊಂಬೆಯನ್ನು ಕೂರಿಸಿ, ಸುತ್ತಲೂ ಕುಸುರೆಳ್ಳು, ಹುರಿದ ಎಳ್ಳು ಅಥವಾ ಸಣ್ಣಗೆ ಹೆಚ್ಚಿದ ಕೊಬ್ಬರಿಯನ್ನು ಉದುರಿಸಬಹುದು. ಬೆಣ್ಣೆಯ ಕ್ರೀಮು ಬಳಸುವವರು ಸಕ್ಕರೆ ಅಚ್ಚನ್ನು ನೇರವಾಗಿ ಅದರ ಮೇಲಿಡಬಾರದು. ಕ್ರೀಮಿನ ತೇವಕ್ಕೆ ಅಚ್ಚಿನ ಬುಡ ಕರಗಿ ಆನೆ ಮಂಡಿಯೂರುತ್ತದೆ. ನಡುವೆ ಒಂದು ತೆಳುವಾದ ಗೋಡಂಬಿ ಬಿಲ್ಲೆಯನ್ನಿಟ್ಟರೆ ಆ ತೊಂದರೆಯಿಲ್ಲ. ಬೊಂಬೆಗಳನ್ನು ಫ್ರಿಜ್ಜಿನಲ್ಲಿಡುವುದೂ ತರವಲ್ಲ. ಹೊರತೆಗೆದೊಡನೆ ಗಾಳಿಯ ತೇವ ಅವುಗಳ ಮೇಲೆ ಬೆವರಿನಂತೆ ಇಳಿಯುತ್ತದೆ.

ಊರಿಂದೂರಿಗೆ ಹವೆಯ ಗುಣ ಬೇರೆ ಎಂಬುದನ್ನೂ ನೆನಪಿಡಬೇಕು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಡಿಸೆಂಬರ್ ಜನವರಿಯ ಗಾಳಿ ಮಳೆಗಾಲದ ಗಾಳಿಗಿಂತ ಒಣಗಿರುವುದರಿಂದ ಸಕ್ಕರೆಯ ಕೆಲಸಕ್ಕೆ ಇದೇ ತಕ್ಕ ಕಾಲ. ಚೆನ್ನೈಯಲ್ಲಿ ಈಶಾನ್ಯದ ಮಳೆ ಡಿಸೆಂಬರಿನಲ್ಲಿಯೂ ಸುರಿಯುವುದುಂಟಾಗಿ, ಅಲ್ಲಿಯವರು ಅಚ್ಚನ್ನು ತೆಗೆದೊಡನೆ ಬಿಗಿಯಾದ ಡಬ್ಬಿಗೆ ಸೇರಿಸಿ, ತಿನ್ನುವ ಹೊತ್ತಿಗೆ ಮಾತ್ರ ಕೇಕಿನ ಮೇಲಿಡುವುದು ಒಳಿತು. ದೆಹಲಿಯ ಚಳಿಯಲ್ಲಿ ಪಾಕ ಬಹುಬೇಗ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ಎರಡು ಮೂರು ಅಚ್ಚಿಗೆ ಬೇಕಾದಷ್ಟೇ ಪಾಕವನ್ನು ಕಾಯಿಸಬೇಕು. ಮೊಸರಿನಿಂದ ಮಾಡಿದ ಕೇಕನ್ನು ಎಲ್ಲಿಯಾದರೂ ಎರಡು ದಿನಗಳೊಳಗೆ ತಿಂದು ಮುಗಿಸುವುದು ಕ್ಷೇಮ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಗಟ್ಟಿಯಾದ ಅಚ್ಚನ್ನು ಇಡಿಯಾಗಿ ಕೊಡದೆ ಕುಟ್ಟಿ ಪುಡಿಮಾಡಿ ಕೊಡತಕ್ಕದ್ದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು.

ಕೈಗುಣಕ್ಕೆ ಬೆಲೆಯುಂಟು

ಮನೆಯಲ್ಲಿ ಮಾಡಿದ ಇಂತಹ ಕೇಕುಗಳನ್ನು ನೆರೆಹೊರೆಯವರು ಮೆಚ್ಚಿ, ತಮಗೂ ಬೇಕೆಂದು ಕೇಳುವ ಸಂದರ್ಭ ಬರಬಹುದು. ಕುಟುಂಬದ ವರಮಾನಕ್ಕೆ ನಾಲ್ಕು ಕಾಸು ಕೂಡಿಸಬಲ್ಲ ಗೃಹೋದ್ಯೋಗವಿದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಾರಾಟಕ್ಕೆ ತೊಡಗುವವರು 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಸಣ್ಣ ತಯಾರಕರಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಸಾಮಗ್ರಿಗಳ ಪಟ್ಟಿ, ತಯಾರಿಸಿದ ದಿನ, ಮೊಟ್ಟೆಯ ಬಳಕೆ ಇದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಈ ಲೆಕ್ಕಪತ್ರದ ಕೆಲಸ ಮನೆಯ ಗುಮಾಸ್ತರಿಗೆ ಹೊಸದಲ್ಲ. ಪಾಕದ ಹದ ಮನೆಯ ಭಟ್ಟರಿಗೆ ಹೊಸದಲ್ಲ.

ಹೋಟೆಲುಗಳಲ್ಲಿ ದಿನಕ್ಕೆ ನೂರಾರು ಜನರಿಗೆ ಉಣಬಡಿಸುವ ನಮ್ಮ ಬಂಧುಗಳಿಗೆ ಹಬ್ಬದ ದಿನಗಳಲ್ಲಿಯೇ ಬಿಡುವು ಕಡಿಮೆ. ಆದಾಗ್ಯೂ ಗೋಡಂಬಿಯ ಬೊಂಬೆಗಳನ್ನು ಐದಾರು ದಿನ ಮೊದಲು, ಸಕ್ಕರೆ ಅಚ್ಚನ್ನು ಅದಕ್ಕೂ ಮುಂಚಿತವಾಗಿ ಮಾಡಿಡಬಹುದು. ವಾರದ ರಜೆಯ ದಿನ ಎರಡು ಗಂಟೆ ಕಾಲ ಸಿಕ್ಕಿದರೆ ಸಾಕು. ಹಬ್ಬದ ಬೆಳಿಗ್ಗೆ ಮನೆಯಲ್ಲಿದ್ದವರು ಕೇಕು ಬೇಯಿಸಿ ಮಕ್ಕಳ ಕೈಯಿಂದಲೇ ಬೊಂಬೆಗಳನ್ನು ಜೋಡಿಸಬಹುದು. ತಂದೆ ಮಾಡಿಟ್ಟು ಹೋದ ಆನೆಯನ್ನು ತನ್ನ ಕೇಕಿನ ಮೇಲೆ ಕೂರಿಸಿ, ಅದನ್ನು ಯಾರ ತಡೆಯೂ ಇಲ್ಲದೆ ಸೊಂಡಿಲಿನಿಂದ ಬಾಲದವರೆಗೆ ತಿಂದು ಮುಗಿಸುವ ಮಗುವಿನ ಸಂತೋಷವನ್ನು ಪ್ರತಿಯೊಂದು ಮನೆಯೂ ಈ ಹಬ್ಬದ ಕಾಲದಲ್ಲಿ ಕಾಣುವಂತಾಗಲಿ.